ಮುತ್ತಜ್ಜಿಯ ಹೆಸರನ್ನು ಹುಡುಕುವ ಬಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಳಿದ ಮುತ್ತಜ್ಜಿಯೊಬ್ಬಳ ವೃತ್ತಾಂತವನ್ನು ಅರಿಯಹೊರಡುವ ವಿದ್ಯಾರ್ಥಿನಿಯು ಮೊದಲು ಮನೆಯ ಹಿರಿಯರನ್ನು ವಿಚಾರಿಸತಕ್ಕದ್ದು. ಬಳಿಕ ತಿಳಿದ ತಲೆಮಾರಿನಿಂದ ಒಂದೊಂದೇ ಮೆಟ್ಟಲು ಹಿಂದಕ್ಕೆ ಹೋಗತಕ್ಕದ್ದು.

ಖಾನೇಷುಮಾರಿಯನ್ನು ನೆಚ್ಚಿ ಫಲವಿಲ್ಲ. ನಮ್ಮ ದೇಶದಲ್ಲಿ 1871-72ರಲ್ಲಿಯೇ ಅದು ನಡೆದಿದ್ದರೂ ಮನೆಮನೆಯ ಹೆಸರಿನ ಪಟ್ಟಿಗಳನ್ನು ಉಳಿಸಲಿಲ್ಲ, ಉಳಿದವು ಅಂಕಿಗಳು. ಕ್ರೈಸ್ತ ಮನೆತನಗಳಿಗಾದರೋ ಸಭೆಯ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ಪುಸ್ತಕಗಳೇ ಆಧಾರ. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕೂ ಹಿಂದಿನದನ್ನು ಅವರ ಪುಸ್ತಕಗಳಲ್ಲಿ ಹುಡುಕುವುದು ವ್ಯರ್ಥ.

ಹುಡುಗಿಯರು ಇಲ್ಲಿ ಗಮನಿಸಬೇಕಾದದ್ದೊಂದುಂಟು. 1872ರ ಕ್ರೈಸ್ತ ವಿವಾಹದ ಕಾಯಿದೆಯ ನಮೂನೆಯಲ್ಲಿ ವಧೂವರರ ಹೆಸರು, ವಯಸ್ಸು, ಉದ್ಯೋಗ, ವಾಸಸ್ಥಳ, ತಂದೆಯ ಹೆಸರು ಇವಕ್ಕೆಲ್ಲ ಅಂಕಣಗಳಿವೆ. ತಾಯಿಯ ಹೆಸರಿಗೆ ಇಲ್ಲ. ಹೆತ್ತು ಸಾಕಿದವಳು ಮಗಳ ಮದುವೆಯ ಕಾಗದದಲ್ಲಿಯೇ ಮರೆಯಾದಳು! ಅವಳನ್ನು ಕಾಣಬೇಕಾದರೆ ಮಕ್ಕಳ ದೀಕ್ಷಾಸ್ನಾನದ ಪುಸ್ತಕವನ್ನು ತೆರೆಯಬೇಕು. ಅಲ್ಲಿ ಸಾಮಾನ್ಯವಾಗಿ ತಂದೆತಾಯಿಗಳಿಬ್ಬರ ಹೆಸರೂ ಇರುತ್ತದೆ. ಒಂದೇ ಮಗುವಿನದನ್ನು ನೋಡಿ ನಿಲ್ಲಬಾರದು. ಒಡಹುಟ್ಟಿದವರೆಲ್ಲರದನ್ನೂ ನೋಡಿದರೆ ತಾಯಿಯ ಹೆಸರು ನಡುವೆ ಬದಲಾಯಿತೇ, ಅಂದರೆ ತಂದೆಗೆ ಎರಡನೆಯ ವಿವಾಹವಾಗಿತ್ತೇ ಎಂಬುದು ಊಹೆಗೆ ಬರುತ್ತದೆ. ಸಮಾಧಿಯ ಪುಸ್ತಕವು ಅದನ್ನು ದೃಢಪಡಿಸಬಹುದು.

ಮರಿಯ, ರೂತ್, ಎಸ್ತೇರ್ ಮೊದಲಾದ ಹೆಸರುಗಳು ಒಂದೇ ಸಭೆಯಲ್ಲಿ ಹಲವರಿಗೆ ಇದ್ದಾವು. ಆದಕಾರಣ ಹೆಸರೊಂದು ಕೂಡಿದ ಮಾತ್ರಕ್ಕೆ ಇವಳೇ ನಮ್ಮವಳೆಂದು ನಾವು ಹಿಗ್ಗಲಾಗದು; ಗಂಡನ ಹೆಸರು, ಊರು, ಕಾಲ ಇವೂ ಕೂಡಬೇಕು. ಪ್ರಾಯಕ್ಕೆ ಬಂದ ಮೇಲೆ ದೀಕ್ಷಾಸ್ನಾನ ಹೊಂದಿ ಹೊಸ ಹೆಸರು ಪಡೆದವಳಾದರೆ, ಪಕ್ಕದಲ್ಲಿ ಹಳೆಯ ಹೆಸರನ್ನೂ ಬರೆದಿದೆಯೋ ಎಂದು ಅವಶ್ಯವಾಗಿ ನೋಡತಕ್ಕದ್ದು. ಅವಳ ತವರುಮನೆಗೆ ಬೇರೆ ಸುಳಿವು ಸಿಕ್ಕುವುದು ದುರ್ಲಭ.