ಮೊದಲು ತಾರೀಖು ಗೊತ್ತುಮಾಡಿಕೊ

ಉಗಿ ಇಂಜಿನ್ನಿನ ಮಾದರಿ ಮಾಡುವ ಗೀಳು ನಿನಗೂ ಹತ್ತಿದೆ ಅಂತ ಕೇಳಿ ಸಂತೋಷವಾಯಿತು. ಮನೆಯವರಿಗೆ ಎಷ್ಟು ಸಂತೋಷವಾಗಿದೆಯೋ ಕಾಣೆ. ಊಟದ ಮೇಜಿನ ಮೇಲೆ ಅರದ ಪುಡಿ ಬೀಳದ ಹಾಗೆ ನೋಡಿಕೊ, ಅಷ್ಟು ಸಾಕು. ಈ ದಾರಿ ಹಿಡಿದವರಿಗೆಲ್ಲ ಶುರುವಿನಲ್ಲಿ ಒಂದು ಆಸೆ ಹುಟ್ಟುತ್ತದೆ. ಹಿತ್ತಾಳೆಯ ಪುಟ್ಟ ಸಿಳ್ಳೆ, ಎರಕದ ದೀಪ, ಬ್ರೇಕಿನ ಹೋಸು, ತೆಳ್ಳನೆಯ ಪೈಪು ಹೀಗೆ ಕ್ಯಾಟಲಾಗಿನಲ್ಲಿ ಕಂಡದ್ದನ್ನೆಲ್ಲ ತರಿಸಿ ಅಂಟಿಸಿಬಿಡಬೇಕು ಅನ್ನುವ ಆಸೆ. ತರಿಸು, ಬೇಡ ಅನ್ನಲಾರೆ. ಅಂಟಿಸುವ ಮುಂಚೆ ಮಾತ್ರ ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡು: ನಿನ್ನ ಇಂಜಿನ್ ಯಾವ ವರ್ಷದ್ದು?

ತಯಾರಾದ ವರ್ಷ ಕೇಳುತ್ತಿಲ್ಲ. ನಿನ್ನ ಮೇಜಿನ ಮೇಲೆ ಅದು ಓಡುತ್ತಿರುವುದು ಯಾವ ವರ್ಷದಲ್ಲಿ ಅಂತ ಕೇಳುತ್ತಿದ್ದೇನೆ. ಉಗಿ ಇಂಜಿನ್ ಒಂದೊಂದು ಮೂವತ್ತು, ನಲವತ್ತು ವರ್ಷ ದುಡಿಯುತ್ತಿತ್ತು. ದೊಡ್ಡ ರಿಪೇರಿಗೆಂದು ವರ್ಕ್‌ಶಾಪಿಗೆ ಹೋದರೆ ಏನಾದರೊಂದು ಬದಲಾಯಿಸಿಕೊಂಡೇ ಹೊರಗೆ ಬರುತ್ತಿತ್ತು. ಒಮ್ಮೆ ಬಾಯ್ಲರ್ ಬೇರೆ, ಒಮ್ಮೆ ಟೆಂಡರ್ ಬೇರೆ, ಒಮ್ಮೆ ಬಣ್ಣ, ಕೆಲವು ಸಲ ನಂಬರೇ ಬೇರೆ.

ನೀನು ಆರಿಸಿಕೊಂಡಿರುವ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಅನ್ನೇ ತಗೊ. ನೈಜೆಲ್ ಗ್ರೆಸ್ಲಿ ವಿನ್ಯಾಸ ಮಾಡಿದ ಈ ಇಂಜಿನ್ 1923ರ ಫೆಬ್ರವರಿಯಲ್ಲಿ ಡಾನ್‌ಕಾಸ್ಟರ್ ಕಾರ್ಖಾನೆಯಿಂದ ಹೊರಬಂದಾಗ ಅದರ ನಂಬರು 1472. ಮರುವರ್ಷ ವೆಂಬ್ಲಿಯ ಪ್ರದರ್ಶನಕ್ಕೆ ಹೋಗುವ ಹೊತ್ತಿಗೆ 4472 ಆಗಿತ್ತು. 1946ರಲ್ಲಿ ಮೊದಲು 502, ಅದೇ ವರ್ಷ ಮತ್ತೆ 103. ಬ್ರಿಟನ್ನಿನ ರೈಲ್ವೆಗಳು ರಾಷ್ಟ್ರೀಕರಣವಾದ ಮೇಲೆ 60103. ಹುಟ್ಟಿನಿಂದ ಅದು ಎ1 ವರ್ಗದ್ದು. 1947ರಲ್ಲಿ ಹೊಸ ಬಾಯ್ಲರ್ ಹಾಕಿ ಎ3 ಮಾಡಿದರು. ಹೊಸ ಬಾಯ್ಲರಿನ ಸೂಪರ್‌ಹೀಟರಿನ ತಲೆಭಾಗ ಸ್ಮೋಕ್‌ಬಾಕ್ಸಿಗಿಂತ ಅಗಲವಾಗಿತ್ತು. ಹಾಗಾಗಿ ಸ್ಮೋಕ್‌ಬಾಕ್ಸಿನ ಎರಡೂ ಪಕ್ಕದಲ್ಲಿ, ಸ್ವಲ್ಪ ಮೇಲಕ್ಕೆ, ಆಯತಾಕಾರದ ಒಂದೊಂದು ಉಬ್ಬು ಬಂತು. ಎ1 ಯಾವುದು, ಎ3 ಯಾವುದು ಅಂತ ದೂರದಿಂದ ಹೇಳಬಲ್ಲವರು ನೋಡುವುದು ಆ ಉಬ್ಬನ್ನೇ. ಬಲಗಡೆ ಕೂತು ಓಡಿಸುತ್ತಿದ್ದ ಡ್ರೈವರು 1954ರಲ್ಲಿ ಎಡಕ್ಕೆ ಬಂದ. 1959ರ ಜನವರಿಯಲ್ಲಿ ಜೋಡಿ ಚಿಮಣಿ ಕೂತಿತು. ಅದರಿಂದ ಇಂಜಿನ್ ಸರಾಗವಾಗಿ ಉಸಿರಾಡಿತೇನೋ ನಿಜ, ಆದರೆ ಹೊಗೆ ಮೇಲಕ್ಕೆ ಚಿಮ್ಮದೆ ಕೆಳಗಿಳಿದು ಡ್ರೈವರನ ಕಣ್ಣಿಗೆ ಅಡ್ಡ ಬರತೊಡಗಿತು. ಅದನ್ನು ತಡೆಯಲು 1961ರ ಕೊನೆಯಲ್ಲಿ ಚಿಮಣಿಯ ಅಕ್ಕಪಕ್ಕ ಜರ್ಮನ್ ಮಾದರಿಯ ತಗಡುಗಳನ್ನು ಹಾಕಿದರು. 1963ರ ಜನವರಿಯಲ್ಲಿ ಇಂಜಿನ್ ಸೇವೆಯಿಂದ ನಿವೃತ್ತಿಯಾಯಿತು.

ಲೆಕ್ಕ ಹಾಕಿ ನೋಡು. ಆ ತಗಡುಗಳನ್ನು ಹೊತ್ತು ಅದು ರೈಲ್ವೆಯ ನೌಕರಿ ಮಾಡಿದ್ದು ಒಂದು ವರ್ಷದ ಮೇಲೆ ಚೂರುಪಾರು ದಿನ. ನೀನು 60103 ಅಂತ ಬರೆದು, ತಗಡು ಹಚ್ಚಿ, ಟೆಂಡರಿನ ಮೇಲೆ ಚಕ್ರದ ಮೇಲೆ ನಿಂತ ಸಿಂಹದ ಹಳೆಯ ಲಾಂಛನ ಅಂಟಿಸಿದೆ ಅಂತಿಟ್ಟುಕೊ. ಆ ಲಾಂಛನ 1956ರಲ್ಲೇ ಬದಲಾಯಿತು. ಒಂದೊಂದು ಭಾಗವೂ ಸುಂದರವಾಗಿರಬಹುದು, ಒಂದೊಂದೂ ಆ ಇಂಜಿನ್ನಿನ ಮೇಲೆ ಯಾವತ್ತೋ ಇದ್ದದ್ದೇ ಇರಬಹುದು. ಮೂರೂ ಒಟ್ಟಿಗೆ ಇದ್ದ ದಿನ ಮಾತ್ರ ಇಲ್ಲ. ಕಂಪನಿ ನಾಟಕದಲ್ಲಿ ದುರ್ಯೋಧನ ಕೈಗಡಿಯಾರ ಕಟ್ಟಿಕೊಂಡು ರಂಗಕ್ಕೆ ಬಂದ ಹಾಗೆ. ಗದೆ ಎಷ್ಟೇ ಚೆನ್ನಾಗಿರಲಿ, ಜನ ನೋಡುವುದು ಮಣಿಕಟ್ಟನ್ನೇ.

ಇನ್ನೂ ದೊಡ್ಡ ಬಲೆ ಒಂದಿದೆ, ಅದರಲ್ಲಿ ಪಳಗಿದವರೂ ಬೀಳುತ್ತಾರೆ. ನಿವೃತ್ತಿಯಾದ ಇಂಜಿನ್ನನ್ನು ಅಲನ್ ಪೆಗ್ಲರ್ ಎಂಬುವರು ಕೊಂಡು, ತಗಡು ತೆಗೆಸಿ, ಒಂಟಿ ಚಿಮಣಿ ಕೂರಿಸಿ, ಹಳೆಯ ಎಳೆಹಸಿರು ಬಣ್ಣ ಬಳಿಸಿ, ಮತ್ತೆ 4472 ಅಂತ ಬರೆಸಿದರು. ಸ್ಮೋಕ್‌ಬಾಕ್ಸಿನ ಉಬ್ಬು ಎಲ್ಲಿಗೆ ಹೋಗುತ್ತದೆ? ಅದು ಅಲ್ಲೇ ಉಳಿಯಿತು. ಅಂದರೆ 4472 ನಂಬರು ಮತ್ತು ಉಬ್ಬು ಎರಡೂ ಒಟ್ಟಿಗೆ ಕಂಡರೆ ಆ ಫೋಟೊ 1963ರ ಈಚಿನದು, ಮೂವತ್ತರ ದಶಕದ್ದಲ್ಲ. 2000ದ ಆಸುಪಾಸಿನಲ್ಲಿ ಕೆಲವು ವರ್ಷ ಎಳೆಹಸಿರು ಬಣ್ಣ, 4472 ನಂಬರು, ಜೋಡಿ ಚಿಮಣಿ, ಜರ್ಮನ್ ತಗಡು ಎಲ್ಲವನ್ನೂ ಒಟ್ಟಿಗೆ ಹೇರಿಕೊಂಡು ಅದು ಓಡಾಡಿದ್ದೂ ಉಂಟು. ನಿಜವಾದ ಇಂಜಿನ್ನೇ ವೇಷ ಕಲಸಿಕೊಂಡಿತ್ತು! ಅದನ್ನೇ ಮಾಡುತ್ತೇನೆ ಅನ್ನುವೆಯಾದರೆ ಮಾಡು, ತಪ್ಪೇನಿಲ್ಲ. ಹಿಂದೆ ಮೂವತ್ತರ ದಶಕದ ತೇಗದ ಬೋಗಿ ಕಟ್ಟಿ ದಿನದ ಎಕ್ಸ್‌ಪ್ರೆಸ್ ಅಂತ ತೋರಿಸಬೇಡ, ಅಷ್ಟೆ.

ಹಾಗಾಗಿ ಮೊದಲು ಒಂದು ವರ್ಷ ಗೊತ್ತುಮಾಡಿಕೊ, ಸಾಧ್ಯವಾದರೆ ತಿಂಗಳನ್ನೂ. ಆ ಕಾಲದ ಫೋಟೊ ಎಡಬಲ ಎರಡೂ ಕಡೆಯಿಂದ ಹುಡುಕು. ಉಗಿ ಇಂಜಿನ್ನಿನ ಎರಡು ಪಕ್ಕ ಒಂದೇ ತೆರನಾಗಿರುವುದಿಲ್ಲ. ರಿವರ್ಸಿಂಗ್ ರಾಡು ಒಂದೇ ಕಡೆ, ಪೈಪುಗಳ ದಾರಿಯೂ ಆಯಾ ಕಡೆಗೆ ಬೇರೆ. ಒಂದು ಪಕ್ಕದ ಫೋಟೊ ನೋಡಿ ಇನ್ನೊಂದನ್ನು ಊಹಿಸುವುದು ಈ ಕಸುಬಿನ ಹಳೆಯ ಸೋಮಾರಿತನ. ಕಾರ್ಖಾನೆಯ ನಕ್ಷೆ ಇದ್ದರೆ ಒಳ್ಳೆಯದೇ, ಆದರೆ ನಕ್ಷೆ ಹೇಳುವುದು ಹೇಗೆ ಮಾಡಬೇಕೆಂದಿದ್ದರು ಅನ್ನುವುದನ್ನು. ಫೋಟೊ ಹೇಳುವುದು ಹೇಗಿತ್ತು ಅನ್ನುವುದನ್ನು. ಎರಡಕ್ಕೂ ಜಗಳ ಬಿದ್ದರೆ ಫೋಟೊದ ಪಕ್ಷ ವಹಿಸು.

ಇನ್ನು ದಪ್ಪದ ವಿಷಯ. ನಿನ್ನ ಮಾದರಿ ಓಓ ಅಳತೆಯದು, ಅಡಿಗೆ 4 ಮಿ.ಮೀ. ಅಂದರೆ ನಿಜದ ಒಂದು ಇಂಚು ಇಲ್ಲಿ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲು. ಈ ಒಂದು ಲೆಕ್ಕ ನಾಲಿಗೆ ತುದಿಯಲ್ಲಿರಲಿ. ಬಾಯ್ಲರಿನ ಪಕ್ಕದ ಕೈಪಿಡಿ ಸರಳು ಒಂದೂಕಾಲು ಇಂಚು ದಪ್ಪ ಅಂದುಕೊಂಡರೆ ನಿನಗೆ ಬೇಕಾದ ತಂತಿ 0.4 ಮಿ.ಮೀ. ಚಿಲ್ಲರೆ. 0.8 ಹಾಕಿದರೆ ಕೊಳಾಯಿ ಪೈಪು ಕಟ್ಟಿದ ಹಾಗೆ ಕಾಣುತ್ತದೆ. ದಪ್ಪ ಸರಳು ಹಾಕುವುದಕ್ಕಿಂತ ಸರಳೇ ಇಲ್ಲದಿದ್ದರೆ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಇಲ್ಲದ್ದನ್ನು ಕಣ್ಣು ತುಂಬಿಕೊಳ್ಳುತ್ತದೆ, ದಪ್ಪಗಿದ್ದದ್ದನ್ನು ಕ್ಷಮಿಸುವುದಿಲ್ಲ.

ಸರಳು ಕೂರಿಸುವ ಕ್ರಮ ಹೇಳುತ್ತೇನೆ, ಗಮನ ಕೊಡು. ಬಾಯ್ಲರಿನ ಜೊತೆಗೇ ಅಚ್ಚಾಗಿ ಬಂದ ಪ್ಲಾಸ್ಟಿಕ್ ಸರಳನ್ನು ಚೂಪಾದ ಉಳಿ ಮಟ್ಟಸವಾಗಿ ಹಿಡಿದು ಪದರ ಪದರವಾಗಿ ಕೆತ್ತು. ಒಂದೇ ಸಲಕ್ಕೆ ಕಿತ್ತೆಸೆಯಲು ಹೋಗಬೇಡ, ಬಾಯ್ಲರಿನ ಮೈಯಲ್ಲಿ ಹಳ್ಳ ಬೀಳುತ್ತದೆ. ಅದು ಇದ್ದ ಗೆರೆಯ ಮೇಲೆ ಗುಬಟುಗಳ ಜಾಗಕ್ಕೆ ಸೂಜಿ ಮೊನೆಯಿಂದ ಗುರುತು ಹಾಕಿ, ಅರ್ಧ ಮಿ.ಮೀ. ಬೈರಿಗೆಯನ್ನು ಕೈಯಲ್ಲೇ ತಿರುಗಿಸಿ ತೂತು ಕೊರೆ. ಕರೆಂಟಿನ ಬೈರಿಗೆ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ತಂತಿಯ ಸೊಟ್ಟ ತೆಗೆಯಲು ಎರಡು ಉಕ್ಕಿನ ಪಟ್ಟಿಗಳ ನಡುವೆ ಇಟ್ಟು ಉರುಳಿಸು. ಗುಬಟುಗಳನ್ನೆಲ್ಲ ಮೊದಲು ತಂತಿಗೆ ಪೋಣಿಸಿಕೊ, ಆಮೇಲೆ ಒಂದೊಂದನ್ನೇ ತೂತಿಗೆ ಸಿಕ್ಕಿಸು. ಅಂಟು ಕೊನೆಗೆ. ಅಂಟು ಹಾಕುವ ಮುಂಚೆ ಇಂಜಿನ್ನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಚಿಮಣಿಯ ಕಡೆಯಿಂದ ಸರಳಿನ ಉದ್ದಕ್ಕೆ ದೃಷ್ಟಿ ಹಾಯಿಸು. ಎಲ್ಲಿ ಡೊಂಕಿದೆ ಅಂತ ತಕ್ಷಣ ತಿಳಿಯುತ್ತದೆ. ಬಾಯ್ಲರಿಗೂ ಸರಳಿಗೂ ನಡುವೆ ಕೊನೆಯವರೆಗೆ ಒಂದೇ ಸಮನಾದ ಬೆಳಕಿನ ಗೆರೆ ಕಾಣಬೇಕು.

ರಿವೆಟ್ಟುಗಳ ಮೇಲಿನ ಮೋಹವನ್ನೂ ಸ್ವಲ್ಪ ಹಿಡಿತದಲ್ಲಿಟ್ಟುಕೊ. ಬಾಯ್ಲರ್ ಅಂತ ನಾವು ನೋಡುವುದು ಬಾಯ್ಲರನ್ನಲ್ಲ, ಶಾಖ ಹೊರಹೋಗದಂತೆ ಸುತ್ತಿದ ತಗಡಿನ ಹೊದಿಕೆಯನ್ನು. ಅದರ ಮೇಲೆ ಕಾಣುವುದು ಹೊದಿಕೆ ಬಿಗಿದ ಪಟ್ಟಿಗಳು. ರಿವೆಟ್ಟಿನ ಸಾಲು ಬಾಯ್ಲರಿನ ಹೊಟ್ಟೆಯ ಮೇಲೆ ಕಂಡರೆ ಅದು ಉತ್ಸಾಹದ ಫಲ ಅಷ್ಟೆ.

ನಾನು ಅತಿ ಹೆಚ್ಚು ಸಮಯ ಕೊಡು ಅನ್ನುವುದು ಚಿಮಣಿಗೆ. ಇಂಜಿನ್ನಿನ ಮುಖಚರ್ಯೆ ಇರುವುದು ಅಲ್ಲೇ. ಎತ್ತರ ಒಂದು ಕೂದಲು ಜಾಸ್ತಿಯಾದರೂ ಪೂರಾ ಇಂಜಿನ್ ಬೇರೆ ಯಾವುದೋ ಅನ್ನಿಸಿಬಿಡುತ್ತದೆ. ಚಿಮಣಿಯ ಬುಡ ಸ್ಮೋಕ್‌ಬಾಕ್ಸಿನ ದುಂಡಿಗೆ ಕರಗಿ ಸೇರಬೇಕು. ಬಿಡಿಯಾಗಿ ಸಿಗುವ ಎರಕದ ಚಿಮಣಿಗಳಲ್ಲಿ ಆ ಅಂಚು ದಪ್ಪ ಇರುತ್ತದೆ. ನಿನ್ನ ಸ್ಮೋಕ್‌ಬಾಕ್ಸಿನಷ್ಟೇ ದಪ್ಪದ ಒಂದು ಕೋಲಿಗೆ ಉಪ್ಪುಕಾಗದ ಸುತ್ತಿ, ಅದರ ಮೇಲೆ ಬುಡವನ್ನು ಉಜ್ಜಿ ಉಜ್ಜಿ ಅಂಚು ಕಾಗದದಷ್ಟು ತೆಳುವಾಗುವವರೆಗೆ ಬಿಡಬೇಡ.

ದೀಪಗಳ ಮಾತು. ಬ್ರಿಟನ್ನಿನ ಇಂಜಿನ್ ಮುಂದೆ ದೀಪ ಇಡುತ್ತಿದ್ದದ್ದು ದಾರಿ ಕಾಣಲೆಂದಲ್ಲ. ಬರುತ್ತಿರುವುದು ಯಾವ ದರ್ಜೆಯ ಗಾಡಿ ಅಂತ ಸಿಗ್ನಲ್ ಕ್ಯಾಬಿನ್ನಿನವನಿಗೆ ತಿಳಿಯಲಿ ಅಂತ. ಎರಡು ಬಫರಿನ ಮೇಲೆ ಒಂದೊಂದು ದೀಪ ಇದ್ದರೆ ಎಕ್ಸ್‌ಪ್ರೆಸ್. ಚಿಮಣಿಯ ಬುಡದಲ್ಲಿ ಒಂದೇ ಇದ್ದರೆ ಊರೂರಿಗೆ ನಿಲ್ಲುವ ಪ್ಯಾಸೆಂಜರ್. ದಕ್ಷಿಣದ ಸದರ್ನ್ ರೈಲ್ವೆಯವರ ಪದ್ಧತಿ ಬೇರೆ. ಹತ್ತು ಬೋಗಿ ಎಳೆಯುವ ನಿನ್ನ ಸ್ಕಾಟ್ಸ್‌ಮನ್ ಚಿಮಣಿ ಬುಡದ ಒಂಟಿ ದೀಪ ಹೊತ್ತು ಹೋದರೆ ತಿಳಿದವರು ಮುಸಿಮುಸಿ ನಗುತ್ತಾರೆ. ಹಾಗೆಯೇ ಕ್ಯಾಬಿನಲ್ಲಿ ಇಬ್ಬರನ್ನು ನಿಲ್ಲಿಸು. ಆಳಿಲ್ಲದೆ ಓಡುವ ಇಂಜಿನ್ ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ. ಡ್ರೈವರನ್ನು ಎಡಕ್ಕೋ ಬಲಕ್ಕೋ ಅಂತ ನೀನು ಆರಿಸಿದ ವರ್ಷವೇ ಹೇಳುತ್ತದೆ.

ಬಿಟ್ಟುಬಿಡಬೇಕಾದ ವಿವರಗಳೂ ಇವೆ. ಗ್ರೆಸ್ಲಿಯ ಇಂಜಿನ್ನಿಗೆ ಮೂರು ಸಿಲಿಂಡರ್, ಮೂರನೆಯದು ಚೌಕಟ್ಟಿನ ಒಳಗೆ ಅಡಗಿದೆ. ಹಾಗಾಗಿ ಎಡಬಲದ ಕ್ರ್ಯಾಂಕುಗಳ ನಡುವೆ 120 ಡಿಗ್ರಿ ಅಂತರ. ಮಾದರಿಗಳ ಚಕ್ರ ಸಾಮಾನ್ಯವಾಗಿ ಬರುವುದು 90 ಡಿಗ್ರಿಗೆ. ಅದನ್ನು ಬಿಚ್ಚಿ ಸರಿಪಡಿಸುವ ಶೂರರಿದ್ದಾರೆ. ನೀನು ಆ ಗೊಡವೆಗೆ ಹೋಗಬೇಡ. ಎಡವನ್ನೂ ಬಲವನ್ನೂ ಒಟ್ಟಿಗೆ ನೋಡುವ ಕಣ್ಣು ಯಾರಿಗೂ ಇಲ್ಲ, ಚಕ್ರ ಮಾತ್ರ ಒಮ್ಮೆ ಬಿಚ್ಚಿದರೆ ಮತ್ತೆ ಸರಾಗ ಉರುಳುವುದು ಕಷ್ಟ. ಹಳಿಯ ಅಗಲವೂ ಹೀಗೆಯೇ. ಓಓ ಅಳತೆಗೆ ನ್ಯಾಯವಾಗಿ 18.83 ಮಿ.ಮೀ. ಇರಬೇಕು, ಅಂಗಡಿಯಲ್ಲಿ ಸಿಗುವುದು 16.5. ಬ್ರಿಟನ್ನಿನ ಬಹುಪಾಲು ಹವ್ಯಾಸಿಗಳು ತಲೆಮಾರುಗಳಿಂದ ಅದರಲ್ಲೇ ಸಂಸಾರ ಮಾಡಿದ್ದಾರೆ. ಸಿಲಿಂಡರಿನ ಮುಂದಿನ ಸಣ್ಣ ಡ್ರೈನ್ ಪೈಪುಗಳನ್ನು ತಯಾರಕರು ಪೊಟ್ಟಣದಲ್ಲಿ ಬೇರೆಯಾಗಿ ಕೊಡುತ್ತಾರಲ್ಲ, ಅದಕ್ಕೂ ಕಾರಣವಿದೆ: ತಿರುವು ಬಿಗಿಯಾಗಿದ್ದರೆ ಮುಂದಿನ ಚಕ್ರ ಅದಕ್ಕೆ ತಾಗಿ ಗಾಡಿ ಹಳಿ ತಪ್ಪುತ್ತದೆ. ಗಾಜಿನ ಬೀರುವಿನಲ್ಲಿ ನಿಲ್ಲಿಸುವುದಾದರೆ ಹಾಕು, ಓಡಿಸುವುದಾದರೆ ಪೊಟ್ಟಣದಲ್ಲೇ ಇರಲಿ.

ಕೊಳೆ ಬಳಿಯುವಾಗ ಇಡೀ ಇಂಜಿನ್ನಿಗೆ ಬೂದಿ ಬಣ್ಣ ಎರಚಬೇಡ. ಕೊಳೆ ಎಲ್ಲಿಂದ ಬಂತು ಅಂತ ಕೇಳಿಕೊ. ಮಸಿ ಮೇಲಿನಿಂದ ಬೀಳುತ್ತದೆ: ಬಾಯ್ಲರಿನ ನೆತ್ತಿ, ಕ್ಯಾಬಿನ ಚಾವಣಿ. ಬ್ರೇಕಿನ ಕಂದು ಧೂಳು ಕೆಳಗಿನಿಂದ ಏರುತ್ತದೆ: ಚೌಕಟ್ಟು, ಚಕ್ರದ ಕಡ್ಡಿ, ಟೆಂಡರಿನ ಅಡಿ. ಗಡಸು ನೀರು ಸೋರಿದ ಕಡೆ ಸುಣ್ಣದ ಬಿಳಿ ಗೆರೆ ಇಳಿಯುತ್ತದೆ. ಓಡುವ ರಾಡುಗಳಿಗೆ ದಿನಾ ಎಣ್ಣೆ ಬೀಳುವುದರಿಂದ ಅಲ್ಲಿ ತುಕ್ಕು ತೋರಿಸಬೇಡ, ಕಪ್ಪು ಜಿಡ್ಡು ತೋರಿಸು. ಕಲ್ಲಿದ್ದಲಿಗೆ ಕಲ್ಲಿದ್ದಲನ್ನೇ ಕುಟ್ಟಿ ಹಾಕು.

ಇದು ಮುಗಿದ ಮೇಲೆ ನಮ್ಮ ಕಡೆಯ ಇಂಜಿನ್ ಒಂದನ್ನು ಮಾಡು ಅನ್ನುತ್ತೇನೆ. ಬ್ರಾಡ್ ಗೇಜಿನ ಡಬ್ಲ್ಯು.ಪಿ. ಮೇಲೆ ನಿನ್ನ ಕಣ್ಣಿದೆ ಅಂತ ಗೊತ್ತು. ಆ ಗುಂಡಿನ ಮೂತಿಗೆ ಮರುಳಾಗದವರು ಯಾರು? ಆದರೆ ನಮ್ಮ ಬ್ರಾಡ್ ಗೇಜ್ 1676 ಮಿ.ಮೀ., 1:87ರ ಅಳತೆಯಲ್ಲಿ 19 ಮಿ.ಮೀ.ಗೂ ಹೆಚ್ಚು. 16.5ರ ಹಳಿಯ ಮೇಲೆ ನಿಲ್ಲಿಸಿದರೆ ಕಾಲು ಜೋಡಿಸಿ ನಿಂತ ಪೈಲ್ವಾನನೇ ಸರಿ. ಮೀಟರ್ ಗೇಜಿನ ವೈ.ಪಿ. ಮಾಡು. 1949ರಿಂದ ಒಟ್ಟು 871 ತಯಾರಾದವು, ಜಮ್‌ಶೆಡ್‌ಪುರದ ಟೆಲ್ಕೊದಲ್ಲೂ ಆದವು. ಮೀಟರ್ ಗೇಜ್ 1:87ಕ್ಕೆ ಇಳಿದರೆ 11.5 ಮಿ.ಮೀ., ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ಮಾದರಿಗಳಿಗೆಂದು 12 ಮಿ.ಮೀ. ಹಳಿ ಸಿದ್ಧವಾಗಿಯೇ ಸಿಗುತ್ತದೆ. ನಾಲ್ಕೂವರೆ ಅಡಿಯ ದೊಡ್ಡ ಚಕ್ರ 15.8 ಮಿ.ಮೀ.ಗೆ ಬರುತ್ತದೆ. ಒಂದೇ ಎಚ್ಚರಿಕೆ: ಬ್ರಿಟಿಷ್ ಬಿಡಿಭಾಗಗಳ ಡಬ್ಬಿಯಿಂದ ಎರಡು ಬಫರ್ ತೆಗೆದು ಮುಂದೆ ಅಂಟಿಸಿಬಿಡಬೇಡ. ನಮ್ಮ ಮೀಟರ್ ಗೇಜಿಗೆ ನಟ್ಟನಡುವೆ ಒಂದೇ ಬಫರ್, ಕೊಂಡಿಯೂ ಅಲ್ಲೇ.

ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಒಂದು ವಾರದ ದಿನ ಹೋಗಿ ಬಾ, ಭಾನುವಾರ ಮಕ್ಕಳ ಗದ್ದಲದಲ್ಲಿ ಅಳತೆ ಹಿಡಿಯಲಾಗುವುದಿಲ್ಲ. ಅಲ್ಲಿನ ಬಣ್ಣವನ್ನು ನಂಬಬೇಡ, ಅದು ನೋಡಲು ಬರುವವರಿಗಾಗಿ ಬಳಿದದ್ದು. ಕಬ್ಬಿಣವನ್ನು ನಂಬು. ರಿವೆಟ್ಟು ರಿವೆಟ್ಟಿಗೆ ಎಷ್ಟು ದೂರ, ಮೆಟ್ಟಿಲಿನ ಅಗಲ ಎಷ್ಟು, ಸರಳು ಬಾಯ್ಲರಿನಿಂದ ಎಷ್ಟು ಆಚೆಗಿದೆ, ಎಲ್ಲ ಬರೆದುಕೊ. ಫೋಟೊ ತೆಗೆಯುವಾಗ ಅಳತೆಪಟ್ಟಿಯೂ ಚಿತ್ರದಲ್ಲಿ ಬರಲಿ. ಒಂದು ಟಾರ್ಚ್ ತಗೊಂಡು ಹೋಗು. ಚಕ್ರಗಳ ಹಿಂದೆ, ಚೌಕಟ್ಟಿನ ಒಳಗೆ ಹಗಲಲ್ಲೂ ಕತ್ತಲೆ ಇರುತ್ತದೆ, ಬ್ರೇಕಿನ ಸನ್ನೆಕೋಲುಗಳು ಇರುವುದು ಅಲ್ಲೇ.