ಮಳೆಯ ನಕಾಶೆಯಿಂದ ಹೊಳೆಯ ಪ್ರವಾಹವನ್ನು ಅಂದಾಜು ಮಾಡುವ ಕ್ರಮ

ಮುಂಗಾರಿನ ದಿನಗಳಲ್ಲಿ ಹವಾಮಾನ ಇಲಾಖೆಯು ಹೊರಡಿಸುವ ಮಳೆಯ ನಕಾಶೆಯನ್ನು ಕಂಡೊಡನೆ ಜಮೀನುದಾರನು ತನ್ನ ಸೀಮೆಯ ಬಣ್ಣವನ್ನು ಹುಡುಕುವುದು ಸಹಜ. ಪೈರಿನಮಟ್ಟಿಗೆ ಅದು ಸರಿಯೇ. ಆದರೆ ಹೊಳೆದಂಡೆಯ ಗ್ರಾಮಗಳವರು ಮೊದಲು ನೋಡತಕ್ಕದ್ದು ತಮ್ಮ ಊರನ್ನಲ್ಲ. ಹೊಳೆಗೆ ನೀರು ಕೂಡಿಬರುವ ಮೇಲ್ಸೀಮೆಯನ್ನು.

ಕಬಿನಿ, ಎಂದರೆ ಕಪಿಲಾ ಹೊಳೆಯೇ ಇದಕ್ಕೆ ದೃಷ್ಟಾಂತ. ನಂಜನಗೂಡಿನಲ್ಲಿ ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರಿನ ಆಸುಪಾಸು. ಹೊಳೆ ಹುಟ್ಟುವ ವೈನಾಡಿನಲ್ಲಿಯಾದರೋ ಜೂನ್ ಮೊದಲ್ಗೊಂಡು ನಾಲ್ಕು ತಿಂಗಳಲ್ಲಿಯೇ 2,000 ಮಿಲಿಮೀಟರಿಗೆ ಮಿಕ್ಕಿ ಸುರಿಯುತ್ತದೆ. ಕಬಿನಿ ಕಟ್ಟೆಗೆ ನೀರೊದಗಿಸುವ ಸೀಮೆಯ ವಿಸ್ತೀರ್ಣ ಸುಮಾರು 2,140 ಚದರ ಕಿಲೋಮೀಟರು. ಅದರ ಮೇಲೆಲ್ಲ 100 ಮಿಲಿಮೀಟರ್ ಮಳೆ ಬಿದ್ದರೆ ಆ ನೀರು ಏಳೂವರೆ ಟಿ.ಎಂ.ಸಿ., ಎಂದರೆ 750 ಕೋಟಿ ಘನ ಅಡಿ. ತುಂಬಿದ ಕಟ್ಟೆ ಹಿಡಿಯುವುದೇ ಹತ್ತೊಂಬತ್ತೂವರೆ ಟಿ.ಎಂ.ಸಿ. ನೆಲ ಹೀರಿದ್ದನ್ನು ಕಳೆದು ಅರ್ಧ ಮಾತ್ರ ಹರಿದುಬಂತೆಂದರೂ, ಮೊದಲೇ ತುಂಬಿರುವ ಕಟ್ಟೆಯಿಂದ ಅಷ್ಟನ್ನೂ ಕೆಳಕ್ಕೆ ಬಿಡದೆ ಗತ್ಯಂತರವಿಲ್ಲ. ಆಗ ನಂಜನಗೂಡಿನಲ್ಲಿ ಒಂದು ಹನಿ ಬೀಳದಿದ್ದರೂ ದಂಡೆಯ ಗದ್ದೆಗಳು ಮುಳುಗಬಹುದು.

ಬಣ್ಣಗಳನ್ನು ನಂಬುವಾಗಲೂ ಎಚ್ಚರಿಕೆ ಬೇಕು. ಸಾಮಾನ್ಯವಾಗಿ ಅವು ತೋರಿಸುವುದು ಮಳೆಯ ಅಳತೆಯನ್ನಲ್ಲ. ವಾಡಿಕೆಗಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಮೆ ಎಂಬುದನ್ನು. ಶೇಕಡಾ 19ರವರೆಗಿನ ವ್ಯತ್ಯಾಸಕ್ಕೆ ವಾಡಿಕೆಯ ಬಣ್ಣವೇ. ವಾಡಿಕೆ 100 ಮಿಲಿಮೀಟರ್ ಇರುವ ಕಡೆ ಶೇಕಡಾ 60 ಏರಿದರೆ ಹೆಚ್ಚಿಗೆ ಬಂದದ್ದು 60 ಮಿಲಿಮೀಟರ್. 2,000 ಇರುವ ಮಲೆನಾಡಿನಲ್ಲಿ ಶೇಕಡಾ 15 ಏರಿದರೆ ಹೆಚ್ಚಿಗೆ ಬಂದದ್ದು 300. ನಕಾಶೆಯಲ್ಲಿ ಮಾತ್ರ ಅದು ವಾಡಿಕೆಯ ಮಳೆ!

ಇನ್ನೊಂದು ವಿಷಯ. 2019ರ ಜುಲೈ ಕೊನೆಯಲ್ಲಿ ವೈನಾಡಿಗೆ ಕೊರತೆಯ ಬಣ್ಣವಿತ್ತು. ಆಗಸ್ಟಿನ ಕೆಲವೇ ದಿನಗಳ ಮಳೆಗೆ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಬೀದಿಗಳಿಗೆ ನುಗ್ಗಿತು. ಮೈಸೂರಿನ ರಸ್ತೆ ನೀರಿನಲ್ಲಿ ಮುಳುಗಿತು. ಋತುವಿನ ನಕಾಶೆಯಿಂದ ತಿಳಿಯುವುದು ಅಪಾಯ ಯಾವ ದಿಕ್ಕಿನಿಂದ ಎಂಬುದು. ಯಾವ ದಿನ ಎಂಬುದಲ್ಲ. ಆದಕಾರಣ ಹುಲ್ಲುಮೆದೆ, ಪಂಪುಮನೆ, ಬಿತ್ತನೆಬೀಜದ ಉಗ್ರಾಣಗಳಿಗೆ ಸ್ಥಳವನ್ನು ಗೊತ್ತುಮಾಡಲು ಈ ನಕಾಶೆಯನ್ನೂ ಹಿಂದಿನ ಪ್ರವಾಹಗಳ ಗುರುತುಗಳನ್ನೂ ಕೂಡಿಸಿ ನೋಡಬೇಕು. ದನಕರುಗಳನ್ನು ದಿಣ್ಣೆಗೆ ಸಾಗಿಸುವ ವೇಳೆಯನ್ನಾದರೋ ಮೇಲ್ಸೀಮೆಯ ದಿನದಿನದ ಮಳೆಯಿಂದಲೂ ಕಟ್ಟೆಯಿಂದ ನೀರು ಬಿಡುವ ಪ್ರಕಟನೆಯಿಂದಲೂ ತಿಳಿಯತಕ್ಕದ್ದು.

ಕೋಲಾರದ ಕಡೆಯವರಿಗೆ ಹಿಂಗಾರಿನ ನಕಾಶೆ ಮುಖ್ಯ. 1903ರ ನವೆಂಬರಿನಲ್ಲಿ ಪಾಲಾರ್ ಹೊಳೆಯ ಮೇಲಣ ಕೆರೆಗಳು ಒಡೆದು ಬಹು ಕೆಳಗಿನ ವಾಣಿಯಂಬಾಡಿ ಪಟ್ಟಣವು ಹಾಳಾಯಿತು. ಕೆರೆಸರಣಿಯಲ್ಲಿ ಮೇಲಿನ ಕೆರೆ ಒಡೆದರೆ ಕೆಳಗಿನ ಏರಿಗೆ ಆ ಭಾರವೂ ಬೀಳುತ್ತದೆ. ಅಕ್ಟೋಬರಿಗೆ ಮುಂಚೆಯೇ ಮೇಲೂರಿನವರೊಡನೆ ಕೂಡಿ ಎರಡೂ ಕೆರೆಗಳ ಕೋಡಿಗಳಲ್ಲಿ ಬೆಳೆದ ಗಿಡಗಂಟೆಗಳನ್ನು ಕೀಳಿಸಿ ಹೂಳನ್ನು ತೆಗೆಸಬೇಕು.