ಅರಿವು ಆಚಾರವಾದಾಗ

ಅರಿವು ಆಚಾರದಲ್ಲಿ ನೆಲೆಗೊಳ್ಳದಿದ್ದರೆ ಅದರಿಂದ ಫಲವಿಲ್ಲ. ದೇಹಾರೋಗ್ಯದ ವಿಷಯದಲ್ಲಿಯೂ ಈ ಮಾತು ಸತ್ಯವೆಂಬುದನ್ನು ಬ್ರಿಟನ್ನಿನ ವೈದ್ಯರನ್ನೇ ಕುರಿತು ನಡೆದ ಒಂದು ಸಂಶೋಧನೆಯು ಅಂಕೆಗಳಿಂದ ತೋರಿಸಿಕೊಟ್ಟಿದೆ.

ಎರಡನೆಯ ಮಹಾಯುದ್ಧವು ಮುಗಿದ ಕಾಲದಲ್ಲಿ ಆ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಮಡಿಯುವವರ ಸಂಖ್ಯೆಯು ಏರುತ್ತಲೇ ಇದ್ದಿತು. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ವಿದ್ವಾಂಸರು ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ ಇದರ ಕಾರಣವನ್ನು ಅರಸಿದರು. ರಸ್ತೆಯ ಡಾಂಬರು ಇದಕ್ಕೆ ಕಾರಣವಿರಬಹುದೆಂದು ಡಾಲ್ ಅವರು ಮೊದಲು ಶಂಕಿಸಿದ್ದರು. ಆದರೆ ದೊರೆತ ಸಾಕ್ಷ್ಯವೆಲ್ಲವೂ ಧೂಮಪಾನದ ಕಡೆಗೇ ಬೆರಳು ಮಾಡಿತು. ಸ್ವತಃ ಸಿಗರೇಟು ಸೇದುತ್ತಿದ್ದ ಡಾಲ್ ಅವರು ಅದನ್ನು ಕಂಡು ಮೊದಲು ತಮ್ಮ ಚಟವನ್ನು ಬಿಟ್ಟರು. 1950ರಲ್ಲಿ ಆ ಫಲಿತಾಂಶವು ಪ್ರಕಟವಾಯಿತು.

ರೋಗ ಬಂದ ಮೇಲೆ ಹಿಂದಿನದನ್ನು ಕೇಳಿದರೆ ನೆನಪು ತಪ್ಪಬಹುದು. ಆದುದರಿಂದ 1951ರಲ್ಲಿ ಅವರು ದೇಶದ ವೈದ್ಯರಿಗೆಲ್ಲ ಪತ್ರ ಬರೆದು, ಅವರವರ ಧೂಮಪಾನದ ಅಭ್ಯಾಸವನ್ನು ಮೊದಲೇ ಕೇಳಿ ಬರೆದಿಟ್ಟುಕೊಂಡರು. ಉತ್ತರಿಸಿದವರಲ್ಲಿ 34,439 ಮಂದಿ ಪುರುಷರಿದ್ದರು. ಮುಂದಿನ 50 ವರ್ಷಗಳ ಕಾಲ ಯಾರು ಯಾವಾಗ, ಯಾವ ರೋಗದಿಂದ ಮಡಿದರೆಂಬುದನ್ನು ದಾಖಲಿಸುತ್ತ ಬರಲಾಯಿತು.

2004ರಲ್ಲಿ ಪ್ರಕಟವಾದ ವರದಿಯ ಸಾರಾಂಶವಿದು: ಕೊನೆಯವರೆಗೂ ಸಿಗರೇಟು ಸೇದಿದವರು, ಎಂದೂ ಸೇದದವರಿಗಿಂತ ಸರಾಸರಿ ಸುಮಾರು 10 ವರ್ಷ ಮೊದಲೇ ಮಡಿದರು. ಇದು ಕ್ಯಾನ್ಸರೊಂದರ ಫಲವಲ್ಲ. ಹೃದ್ರೋಗವೂ ಶ್ವಾಸರೋಗಗಳೂ ಇದರಲ್ಲಿ ಸೇರಿದ್ದವು. ಚಟವನ್ನು ಬಿಟ್ಟವರ ಲೆಕ್ಕವು ಇನ್ನೂ ಮನನೀಯವಾದುದು. 60ನೆಯ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6 ವರ್ಷ, 40ರಲ್ಲಿ ಬಿಟ್ಟವರಿಗೆ 9 ವರ್ಷ ಆಯುಷ್ಯವು ಉಳಿಯಿತು. 30ರಲ್ಲಿಯೇ ಬಿಟ್ಟವರು ಹೆಚ್ಚುಕಡಮೆ 10 ವರ್ಷಗಳನ್ನೂ ಉಳಿಸಿಕೊಂಡರು.

“ನಮ್ಮ ಅಜ್ಜನವರು ಬೀಡಿ ಸೇದುತ್ತಲೇ 90 ವರ್ಷ ಬಾಳಿದರಲ್ಲ?” ಎಂದು ಕೆಲವರು ಕೇಳುವುದುಂಟು. ಬಾಳಿದ್ದು ನಿಜವೇ ಇರಬಹುದು. ಆದರೆ ಸರಾಸರಿಯೆಂಬುದು ಒಬ್ಬನ ಜಾತಕವಲ್ಲ. ಬದುಕಿ ಉಳಿದ ಅಜ್ಜನನ್ನು ಮನೆಮಂದಿ ಕಾಣುತ್ತಾರೆ; ನಡುವಯಸ್ಸಿನಲ್ಲಿಯೇ ಮಡಿದವನು ಯಾರ ಕಣ್ಣಿಗೂ ಬೀಳುವುದಿಲ್ಲ. ಸಾವಿರಾರು ಜನರ ಲೆಕ್ಕವು ಇಬ್ಬರನ್ನೂ ಎಣಿಕೆಗೆ ತರುತ್ತದೆ.

ಈ ಅಂಕೆಗಳು ಸಿಗರೇಟಿಗೆ ಸಂಬಂಧಿಸಿದವು. ಆದರೆ ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಅಗಿಯುವವರು ತಾವು ಪಾರಾದೆವೆಂದು ತಿಳಿಯಬಾರದು. ಅದು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ಸಂಗತಿ.

ಆ ವೈದ್ಯರಿಗೆ ದೇಹದ ಒಳಹೊರಗುಗಳೆಲ್ಲ ತಿಳಿದಿದ್ದವು. ಆದರೂ ಅವರ ಆಯುಷ್ಯವನ್ನು ಉಳಿಸಿದ್ದು ಆ ತಿಳಿವಳಿಕೆಯಲ್ಲ, ಚಟವನ್ನು ಕೈಬಿಟ್ಟ ನಡೆ. ಮನೆಯ ಯಜಮಾನನು 40ರ ಹರೆಯದಲ್ಲಿ ಬೀಡಿಯ ಕಟ್ಟನ್ನು ಕೆಳಗಿಟ್ಟರೆ ಅವನಿಗೆ ಉಳಿಯುವ ವರ್ಷಗಳು ಅವನೊಬ್ಬನವಲ್ಲ. ಅವನ ಮಡದಿಮಕ್ಕಳವೂ ಹೌದು. 60 ದಾಟಿದವರೂ ಕಾಲ ಮಿಂಚಿತೆಂದು ಕೈಚೆಲ್ಲಬೇಕಾಗಿಲ್ಲ. ಬಿಡುವವನಿಗೆ ಇಂದಿನ ದಿನವೇ ಸುದಿನ.